ಹಲ್ಲು ಕಿತ್ತ ದಿನ ತಿಮ್ಮೇಶ ಹೇಳಿದ್ದು

ಗಾನವಿಗೆ ಬುದ್ಧಿಹಲ್ಲಿನ ನೋವು ಶುರುವಾದದ್ದು ಬಸುರಿಯಾಗಿ ಐದು ತಿಂಗಳು ತುಂಬಿದ ಮೇಲೆ. ಅಜ್ಜಂಪುರದಲ್ಲಿ ಗಂಡನ ಮನೆಯ ಮುಂಗೋಣೆಯಲ್ಲಿ ಮೆಷಿನ್ ಹಾಕಿಕೊಂಡು ಅವಳು ರವಿಕೆ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಅತ್ತೆ ಕಾಂತಮ್ಮ ಹುರಿದುಕೊಟ್ಟ ಕಡಲೆಕಾಯಿ ಬೀಜ ಜಗಿಯುತ್ತಿದ್ದಾಗ ಎಡದವಡೆಯ ಕಟ್ಟಕಡೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಸಂಜೆಯ ಹೊತ್ತಿಗೆ ಕಿವಿಯವರೆಗೂ ಸೆಳೆತ ಹತ್ತಿತು. ಮಾರನೆಯ ದಿನ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ.

ಊರಿನ ಹಲ್ಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. "ಹಲ್ಲು ನೆಟ್ಟಗೆ ಎದ್ದಿಲ್ಲಮ್ಮ, ಅಡ್ಡ ಮಲಗಿದೆ. ಮುಂದಿನ ಹಲ್ಲಿಗೆ ಒತ್ತಿಕೊಂಡು ಕೂತಿದೆ. ಇದನ್ನ ಸುಮ್ಮನೆ ಎಳೆದು ತೆಗೆಯೋಕಾಗಲ್ಲ, ವಸಡು ಕುಯ್ದು ಮೂಳೆ ಕೊರೀಬೇಕು. ಈಗ ಬೇಡ. ಹೆರಿಗೆ ಆಗ್ಲಿ, ಆಮೇಲೆ ನೋಡೋಣ" ಎಂದರು. ಹೆರಿಗೆ ಡಾಕ್ಟರಿಗೆ ಫೋನು ಮಾಡಿ ವಿಚಾರಿಸಿ, ಬಾವು ಇಳಿಯಲು ಒಂದಿಷ್ಟು ಮಾತ್ರೆ ಕೊಟ್ಟರು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಲು ಹೇಳಿದರು.

ಮಾತ್ರೆಯನ್ನು ಅವಳು ಎರಡು ದಿನ ನುಂಗಿ ನಿಲ್ಲಿಸಿಬಿಟ್ಟಳು. ಒಳಗಿರುವ ಜೀವಕ್ಕೆ ಏನಾದರೂ ಆದರೆ ಎಂಬ ಭಯ. ಹಲ್ಲು ಮಾತ್ರ ಅವಳನ್ನು ಬಿಡಲಿಲ್ಲ. ವಾರ ಸುಮ್ಮನಿದ್ದು ಮತ್ತೆ ಕೆರಳುವುದು, ಕೆನ್ನೆ ಊದುವುದು, ಇಳಿಯುವುದು. ನೋವು ಏರಿದಾಗ ಮೆಷಿನ್ನಿನ ಮುಂದೆ ಹಾಗೇ ಕಣ್ಣು ಮುಚ್ಚಿ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುವಳು. "ನೀನು ಮೊದಲು ಬಾ. ಆಮೇಲೆ ಇದರ ಕಥೆ ನೋಡ್ಕೊಳ್ಳೋಣ" ಎಂದು ಮಗುವಿಗೆ ಹೇಳುವಳು. ಮಗುವಿಗಾಗಿ ತಡೆದುಕೊಳ್ಳುತ್ತಿದ್ದೇನೆ ಅಂದುಕೊಂಡಾಗ ನೋವಿಗೂ ಒಂದು ಅರ್ಥ ಇದ್ದಂತೆ ಕಾಣುತ್ತಿತ್ತು. ಊರವರ ಬಟ್ಟೆಯನ್ನೆಲ್ಲ ಹೊಲಿಯುವವಳು ತನ್ನ ಮಗುವಿಗೆ ಒಂದು ಅಂಗಿ ಹೊಲಿಯೋಣವೆಂದರೆ ಕಾಂತಮ್ಮ ಬಿಡಲಿಲ್ಲ. "ಹುಟ್ಟೋಕ್ ಮುಂಚೆ ಏನೂ ಹೊಲೀಬಾರದು ಕಣವ್ವ. ಬರ್ಲಿ, ಬಂದ್ಮೇಲೆ ಎಷ್ಟು ಬೇಕಾದ್ರೂ ಹೊಲಿ" ಅಂದಿದ್ದರು.

ಕಾರ್ತಿಕದ ಕೊನೆಯಲ್ಲಿ, ಎಂಟನೇ ತಿಂಗಳು ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಮಿಸುಕಾಟ ನಿಂತಿತು. ಸಿಹಿ ತಿಂದು ನೋಡಿದಳು, ತಣ್ಣೀರು ಕುಡಿದು ಎಡಮಗ್ಗುಲಾಗಿ ಮಲಗಿ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಪರದೆಯನ್ನು ಬಹಳ ಹೊತ್ತು ನೋಡಿ, ಅದನ್ನು ಅವಳಿಗೆ ಕಾಣದ ಹಾಗೆ ಆಚೆ ತಿರುಗಿಸಿದರು. ಆಗಲೇ ಅವಳಿಗೆ ತಿಳಿದುಹೋಯಿತು.

ಹೆರಿಗೆ ನೋವೆಲ್ಲ ಎಲ್ಲರಿಗೂ ಬರುವ ಹಾಗೆಯೇ ಬಂತು. ಕೊನೆಗೆ ಕೇಳಬೇಕಾದ ಅಳು ಮಾತ್ರ ಕೇಳಲಿಲ್ಲ. "ಏನು ಮಗು?" ಎಂದು ಕೇಳಿದಳು. "ಹೆಣ್ಣು" ಎಂದಳು ನರ್ಸ್. ತೋರಿಸಿ ಅನ್ನುವಷ್ಟರಲ್ಲಿ ಬಾಗಿಲ ಹತ್ತಿರ ಕಾಂತಮ್ಮನ ದನಿ ಕೇಳಿಸಿತು: "ಬೇಡ ತಾಯಿ, ಅವಳಿಗೆ ತೋರಿಸ್ಬೇಡಿ. ತಡ್ಕೊಳ್ಳೋದಿಲ್ಲ ಅವಳು." ಗಂಡ ತಿಮ್ಮೇಶ ಮತ್ತು ಮಾವ ಕಲ್ಲಪ್ಪ ಮಗುವನ್ನು ತಮ್ಮ ಹೊಲದಲ್ಲಿ ಮಣ್ಣು ಮಾಡಲು ತೆಗೆದುಕೊಂಡು ಹೋದರು. ಯಾಕೆ ಹೀಗಾಯಿತು ಎಂದರೆ ಡಾಕ್ಟರು, "ಕೆಲವು ಸಲ ಕಾರಣ ಸಿಗೋದಿಲ್ಲಮ್ಮ" ಎಂದರು.

ಮನೆಗೆ ಬಂದಾಗ ಮನೆ ಹೋಗುವಾಗ ಹೇಗಿತ್ತೋ ಹಾಗೇ ಇತ್ತು. ಎತ್ತಿಡಲು ಒಂದು ಅಂಗಿಯಿಲ್ಲ, ಒಂದು ಟೋಪಿಯಿಲ್ಲ. ಹಾಲು ಮಾತ್ರ ಬಂತು. ಕಾಂತಮ್ಮ ಎದೆಗೆ ಬಟ್ಟೆ ಬಿಗಿದು ಕಟ್ಟಿದರು. ಆ ಬಟ್ಟೆಯೂ ಒದ್ದೆಯಾಗುತ್ತಿತ್ತು.

ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಹೊಲಿಯಲು ಬಟ್ಟೆ ಕೊಡುವ ಹೆಂಗಸರು ಬಾಗಿಲಲ್ಲೇ ಕೊಟ್ಟು, ನೆಲ ನೋಡಿಕೊಂಡು, "ಅವಸರ ಇಲ್ಲ ಬಿಡು" ಎಂದು ಹೋಗುತ್ತಿದ್ದರು. ಎದುರುಮನೆಯ ಮಲ್ಲಿಕಾಂಬ, ಸಂಜೆಯಾದರೆ ಬಂದು ಮೆಷಿನ್ ಪಕ್ಕ ಕೂತು ಹರಟುತ್ತಿದ್ದವರು, ಬರುವುದನ್ನೇ ಬಿಟ್ಟರು. ತಿಮ್ಮೇಶನಿಗೆ ಒಂದು ಲಗೇಜ್ ಆಟೋ ಇತ್ತು. ಹಳ್ಳಿಗಳಿಂದ ತೆಂಗಿನಕಾಯಿ ತುಂಬಿಕೊಂಡು ಕಡೂರಿನ ಮಂಡಿಗೆ ಹೊಡೆಯುತ್ತಿದ್ದ. ಮೊದಲೇ ಮಾತು ಕಡಿಮೆ. ಈಗ ಅದೂ ಇಲ್ಲ. ಅವಳು "ರೀ, ಅವತ್ತು ನೀವು..." ಎಂದು ಬಾಯಿ ತೆಗೆದರೆ ಸಾಕು, "ಗಾಡಿ ಟೈರು ನೋಡ್ಬೇಕು" ಎಂದು ಎದ್ದುಬಿಡುತ್ತಿದ್ದ. ಎರಡು ಮೂರು ಸಲ ಹೀಗಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಒಂದು ದಿನ ಕಾಂತಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವರು ಯಾರಿಗೂ ಅಲ್ಲವೆಂಬಂತೆ, "ಆ ಹಲ್ಲಿನ ಮಾತ್ರೆ ನುಂಗಬಾರದಿತ್ತೇನೋ" ಅಂದರು. ಅಷ್ಟೇ ಅಂದದ್ದು. ಹಾಗೆಂದು ಒಲೆಯ ಕಡೆ ಹೋದರು. ಆ ಮಾತು ಗಾನವಿಯ ಎದೆಯಲ್ಲಿ ನಾಟಿಕೊಂಡಿತು. ರವಿಕೆಗೆ ಕೊಕ್ಕೆ ಹಾಕುವಾಗ, ನೀರು ಹಿಡಿಯುವಾಗ, ತಲೆ ಬಾಚಿಕೊಳ್ಳುವಾಗ ಅದೇ ಮಾತು. ಎರಡು ದಿನ ನುಂಗಿದ ಮಾತ್ರೆ. ನೋವು ತಡೆದುಕೊಳ್ಳಲಾರದೆ ನುಂಗಿದ್ದು.

ಮಾಘ ಮಾಸದಲ್ಲಿ ಹಲ್ಲು ಮತ್ತೆ ಕೆರಳಿತು. ಈ ಸಲ ವಸಡಿನಲ್ಲಿ ಕೀವು ತುಂಬಿ ಜ್ವರ ಬಂತು. ಗಂಟಲಲ್ಲಿ ಉಗುಳೂ ಇಳಿಯಲಿಲ್ಲ. ಊರಿನ ಡಾಕ್ಟರು ಕೀವು ಒಣಗಲು ಔಷಧಿ ಕೊಟ್ಟು, "ಇನ್ನು ತಡ ಮಾಡಬೇಡಿ. ಕಡೂರಿಗೆ ಬುಧವಾರ ಬುಧವಾರ ಸರ್ಜನ್ ಬರ್ತಾರೆ, ಹೋಗಿ ತೆಗೆಸ್ಕೊಂಡು ಬನ್ನಿ" ಎಂದರು. ಹೆರಿಗೆ ಆಗಲಿ ಎಂದು ಹೇಳಿದ್ದವರು ಅವರೇ. ಆ ಮಾತು ಅವರಿಗೂ ನೆನಪಾಯಿತೇನೋ, ಚೀಟಿ ಬರೆಯುವಾಗ ತಲೆ ಎತ್ತಲಿಲ್ಲ. ಹೌದು, ಇನ್ನು ತಡ ಮಾಡುವುದಕ್ಕೆ ಯಾವ ಕಾರಣವೂ ಉಳಿದಿರಲಿಲ್ಲ.

ಬುಧವಾರ ತಿಮ್ಮೇಶ ಬಾಡಿಗೆ ಹಿಡಿಯಲಿಲ್ಲ. ಖಾಲಿ ಆಟೋದಲ್ಲಿ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬೀರೂರಿನ ಮೇಲೆ ಕಡೂರಿಗೆ ಹೊರಟ. ಕ್ಲಿನಿಕ್ಕು ರೈಲ್ವೆ ಸ್ಟೇಷನ್ನಿನ ಕಡೆಯ ರಸ್ತೆಯಲ್ಲಿ, ಮಹಡಿಯ ಮೇಲೆ. ಅವನು ಹೊರಗಿನ ಬೆಂಚಿನ ಮೇಲೆ ಕೂತ. ಇವಳು ಒಳಗೆ ಹೋದಳು.

ಸರ್ಜನ್ ಸುಮನಾ ಎಂಬ ಹೆಣ್ಣುಮಗಳು, ಗಾನವಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಎಕ್ಸ್‌ರೇ ನೋಡಿ, ಬಿಪಿ, ಸಕ್ಕರೆ, ಅಲರ್ಜಿ ಎಂದು ಒಂದೊಂದೇ ಕೇಳುತ್ತ ಹೋದಳು. ಊರಿನ ಡಾಕ್ಟರ ಚೀಟಿಯಲ್ಲಿ ಹಿಂದೆ ಬಸುರಿಯಾಗಿದ್ದ ವಿಷಯ ಇತ್ತು. ಅದನ್ನು ನೋಡಿ, "ಮಗು ಹಾಲು ಕುಡೀತಾ ಇದ್ಯಾ? ಅದನ್ನ ನೋಡ್ಕೊಂಡು ಮಾತ್ರೆ ಬರೀಬೇಕು" ಎಂದಳು.

"ಇಲ್ಲ ಮೇಡಂ."

"ಬಿಡಿಸಿಬಿಟ್ರಾ? ಎಷ್ಟು ತಿಂಗಳು ಮಗು?"

ಗಾನವಿ ಕುರ್ಚಿಯ ಹಿಡಿಯನ್ನು ನೋಡುತ್ತ, "ಮಗು ಉಳೀಲಿಲ್ಲ. ಹೊಟ್ಟೇಲೇ ಹೋಗ್ಬಿಡ್ತು" ಎಂದಳು. ಈ ಮೂರು ತಿಂಗಳಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಸುಮನಾ ಪೆನ್ನು ಕೆಳಗಿಟ್ಟಳು. "ಸಾರಿ ಅಮ್ಮ. ನನಗೆ ಗೊತ್ತಾಗ್ಲಿಲ್ಲ" ಎಂದಳು. ಅವಳು ಅವಸರ ಪಡಲಿಲ್ಲ. ಅದಕ್ಕೇ ಇರಬೇಕು, ಗಾನವಿಗೆ ಧೈರ್ಯ ಬಂತು.

"ಮೇಡಂ, ಬಸುರೀಲಿ ಈ ಹಲ್ಲಿಗೆ ಮಾತ್ರೆ ತಗೊಂಡಿದ್ದೆ. ಎರಡು ದಿನ. ಅದರಿಂದ..."

"ಯಾವ ಮಾತ್ರೆ?" ಗಾನವಿ ಹಳೆಯ ಚೀಟಿ ತೆಗೆದು ಕೊಟ್ಟಳು. ಸುಮನಾ ಓದಿ ನೋಡಿ ತಲೆಯಾಡಿಸಿದಳು. "ಇಲ್ಲ. ಇವು ಬಸುರಿಯರಿಗೆ ಕೊಡೋ ಮಾತ್ರೆಗಳೇ. ಇದರಿಂದ ಆಗಿದ್ದಲ್ಲ. ಯಾರು ಹಾಗಂದ್ರು ನಿಮಗೆ?"

ಗಾನವಿ ಅತ್ತೆಯ ಹೆಸರು ಹೇಳಲಿಲ್ಲ. "ಯಾರೂ ಇಲ್ಲ. ನನಗೇ ಹಾಗನ್ನಿಸ್ತು" ಎಂದಳು.

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಎಡಗಡೆ ತುಟಿ, ನಾಲಗೆ ಜೋಮು ಹಿಡಿದು ತನ್ನದಲ್ಲ ಅನ್ನಿಸಿತು. "ಒತ್ತಿದ ಹಾಗೆ ಆಗುತ್ತೆ, ಶಬ್ದ ಕೇಳುತ್ತೆ, ನೋವಾಗಲ್ಲ. ನೋವಾದ್ರೆ ಕೈ ಎತ್ತಿ" ಎಂದಳು ಸುಮನಾ. ಮೂಳೆ ಕೊರೆಯುವ ಶಬ್ದ ಬಾಯಿಯಿಂದಲ್ಲ, ತಲೆಯೊಳಗಿನಿಂದಲೇ ಬಂದಂತಿತ್ತು. ಹಲ್ಲು ಜಗ್ಗಲಿಲ್ಲ. ಅದನ್ನು ಅಲ್ಲೇ ತುಂಡು ಮಾಡಬೇಕಾಯಿತು. ಒಂದು ತುಂಡು ಬಂತು. ಬೇರು ಕೊಕ್ಕೆಯ ಹಾಗೆ ಬಾಗಿಕೊಂಡು ಮೂಳೆಯಲ್ಲಿ ಸಿಕ್ಕಿಕೊಂಡಿತ್ತು. ಮತ್ತೆ ಕೊರೆದರು. ಮೇಲೆ ಬಿಳೀ ದೀಪ. ಮಲಗಿ, ಕಾಲು ಬಿಗಿ ಹಿಡಿದು, ಯಾರದೋ ಕೈ ತನ್ನ ಮೈಯೊಳಗಿಂದ ಏನನ್ನೋ ಎಳೆಯುತ್ತಿರುವಾಗ ಹೀಗೇ ದೀಪ ನೋಡುತ್ತಿದ್ದ ಇನ್ನೊಂದು ದಿನ ಅವಳ ಕಣ್ಣಿಗೆ ಕಟ್ಟಿತು. ನೀರು ಕಣ್ಣಂಚಿನಿಂದ ಇಳಿದು ಕಿವಿ ತುಂಬಿತು. ಸುಮನಾ ಕೈ ನಿಲ್ಲಿಸಿದಳು.

"ನೋವಾಗ್ತಿದ್ಯಾ?"

ಇಲ್ಲ ಎಂದು ಗಾನವಿ ತಲೆಯಾಡಿಸಿದಳು. ಸುಮನಾ ಇನ್ನೇನೂ ಕೇಳದೆ ಹತ್ತಿ ತೆಗೆದುಕೊಂಡು ಅವಳ ಕಣ್ಣು, ಕಿವಿ ಒರೆಸಿ, ಆಮೇಲೆ ಕೆಲಸ ಮುಂದುವರಿಸಿದಳು.

ಹೊಲಿಗೆ ಹಾಕಿ ಮುಗಿಸಿದ ಮೇಲೆ ಒಂದು ಸ್ಟೀಲ್ ತಟ್ಟೆ ತಂದು ಹಿಡಿದಳು. "ಬಹಳ ಕಾಡಿಸ್ತು. ನೋಡ್ತೀರಾ?" ರಕ್ತ ಮೆತ್ತಿದ ಮೂರು ಚೂರು. ಗಾನವಿ ಬಹಳ ಹೊತ್ತು ನೋಡಿದಳು. ಇದನ್ನಾದರೂ ಕೇಳಿ ತೋರಿಸಿದರಲ್ಲ ಎಂದುಕೊಂಡಳು.

ತಿಮ್ಮೇಶನನ್ನು ಒಳಗೆ ಕರೆದು ಸುಮನಾ ಹೇಳಿದಳು: "ಹತ್ತಿ ಇಟ್ಟಿದ್ದೀನಿ, ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಉಗುಳಬಾರದು, ಮಾತಾಡಬಾರದು. ಏನಾದ್ರೂ ಹೇಳೋದಿದ್ರೆ ನೀವು ಹೇಳಿ, ಅವರು ಕೇಳಿಸ್ಕೊಳ್ಳಲಿ."

ಬೀರೂರು ದಾಟುವವರೆಗೆ ತಿಮ್ಮೇಶ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಗಾನವಿ ಕೆನ್ನೆಗೆ ಐಸಿನ ಪೊಟ್ಟಣ ಒತ್ತಿಕೊಂಡು ಕೂತಿದ್ದಳು. ದನ ಮೇಯುವ ಕಾವಲಿನ ಒಣಹುಲ್ಲು ಕಾಣಿಸತೊಡಗಿದ ಕಡೆ, ಬಾಗೆಮರವೊಂದರ ನೆರಳಿಗೆ ಅವನು ಗಾಡಿ ತಿರುಗಿಸಿ ಇಂಜಿನ್ ಆಫ್ ಮಾಡಿದ. ಏನೋ ಕೆಟ್ಟಿರಬೇಕು ಎಂದುಕೊಂಡಳು. ಅವನು ಸ್ಟೇರಿಂಗಿನ ಮೇಲಿನ ಕೈ ತೆಗೆಯದೆ, ಮುಂದಿನ ಗಾಜು ನೋಡುತ್ತ ಹೇಳಿದ:

"ಕೂದ್ಲು ತುಂಬಾ ಇತ್ತು ಕಣೇ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಐಸು ಹಿಡಿದ ಕೈ ಮಡಿಲಿಗೆ ಬಿತ್ತು.

"ಕರೀ ಕೂದ್ಲು. ಒದ್ದೆಯಾಗಿ ಹಣೆಗೆ ಅಂಟ್ಕೊಂಡಿತ್ತು. ಉಗುರು ಉದ್ದ ಇದ್ವು, ಕತ್ತರಿಸ್ಬೇಕು ಅನ್ನೋ ಹಾಗೆ. ಮೇಲಿನ ತುಟಿ ನಿಂದೇ. ನೀನು ದಾರ ಪೋಣಿಸೋವಾಗ ತುಟಿ ಹೀಗೆ ಮಾಡ್ತೀಯಲ್ಲ, ಥೇಟ್ ಹಾಗೇ ಇತ್ತು." ಅವನು ನಿಲ್ಲಿಸಿದ. "ಶಿವಮೊಗ್ಗದಿಂದ ಬರ್ತಾ ಅಪ್ಪ ಎತ್ಕೊಂಡಿದ್ರು. ನಾನು ಗಾಡಿ ಓಡಿಸ್ತಿದ್ದೆ. ತರೀಕೆರೆ ದಾಟಿದ್ಮೇಲೆ ನನ್ನ ಕೈಲಿ ಆಗ್ಲಿಲ್ಲ. ನಿಲ್ಲಿಸ್ಬಿಟ್ಟೆ. ಒಂದ್ಸಲ ಕೊಡಪ್ಪ ಅಂದೆ. ಅಪ್ಪ ಕೊಟ್ಟು, ದೂರ ಹೋಗಿ ಆ ಕಡೆ ತಿರುಗಿ ನಿಂತ್ಕೊಂಡ್ರು. ನಾನು ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ. ಎಷ್ಟು ಹೊತ್ತೋ. ತೂಕ ಇತ್ತು ಕಣೇ. ಅಷ್ಟು ತೂಕ ಇರುತ್ತೆ ಅಂದ್ಕೊಂಡಿರ್ಲಿಲ್ಲ."

ಗಾನವಿಗೆ ಕೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಲ್ಲಿ ಹತ್ತಿ. ಬೆರಳು ಎತ್ತಿ ತನ್ನ ಕಣ್ಣು ತೋರಿಸಿದಳು.

"ಮುಚ್ಕೊಂಡಿತ್ತು. ಮಲಗಿದ ಹಾಗೆ."

ಬಣ್ಣ ಎಂಬಂತೆ ತನ್ನ ಮುಂಗೈ ಸವರಿ ತೋರಿಸಿದಳು.

"ನನ್ನ ಬಣ್ಣ, ಕಪ್ಪು. ಅವ್ವ ನೋಡಿದ್ರೆ ಬೈತಿದ್ಲು." ನಗಲು ಹೋಗಿ ಅವನ ಮುಖ ಮುರಿದು ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡ ಅತ್ತದ್ದನ್ನು ಅವಳು ನೋಡಿರಲಿಲ್ಲ. ಸ್ಟೇರಿಂಗಿಗೆ ಹಣೆಯಿಟ್ಟು ಗಂಡಸು ಹೆಗಲು ಕುಲುಕಿಸಿ ಅತ್ತ. "ನಿನಗೆ ತೋರಿಸ್ಬೇಕಿತ್ತು. ಎಲ್ರೂ ಬೇಡ ಅಂದ್ರು, ನಾನೂ ಸುಮ್ನಾದೆ. ನೀನು ಅದನ್ನೇ ಕೇಳ್ತೀಯ ಅಂತ ನಿನ್ನ ಮುಂದೆ ನಿಲ್ಲೋಕೇ ಹೆದರ್ಕೆ ಆಗ್ತಿತ್ತು. ಇವತ್ತು ನೀನು ಮಾತಾಡ್ಬಾರ್ದು ಅಂತ ಡಾಕ್ಟ್ರು ಅಂದ್ರಲ್ಲ..."

ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಸಿಟ್ಟೂ ಬಂದಿತ್ತು, ಸುಳ್ಳಲ್ಲ. ಮಾತಾಡಲು ಬರುವಂತಿದ್ದರೆ ಏನೇನು ಅಂದುಬಿಡುತ್ತಿದ್ದಳೋ. ಹತ್ತಿ ಕಚ್ಚಿಕೊಂಡೇ ಕೂತಳು. ಬಾಯೊಳಗೆ ರಕ್ತ, ಕಣ್ಣೀರು ಎರಡೂ ಉಪ್ಪುಪ್ಪಾಗಿ ಇಳಿದವು.

ಎರಡನೆಯ ದಿನಕ್ಕೆ ಮುಖ ಊದಿಕೊಂಡು ಎಡಗಣ್ಣು ಸಣ್ಣದಾಯಿತು. ದವಡೆಯ ಕೆಳಗೆ ನೀಲಿಗಟ್ಟಿತು. ಬಾಯಲ್ಲಿ ಒಂದು ಬೆರಳು ಹೋಗುವಷ್ಟು ಜಾಗ. ಕಾಂತಮ್ಮ ಅಕ್ಕಿ ನುಚ್ಚಿನ ಗಂಜಿ ಕಾಸಿ, ಆರಿಸಿ, ಸಣ್ಣ ಚಮಚದಲ್ಲಿ ಬಲಗಡೆಯಿಂದ ಕುಡಿಸಿದರು. ಎದುರುಮನೆಯ ಮಲ್ಲಿಕಾಂಬ ಇಷ್ಟು ದಿನದ ಮೇಲೆ ಹೊಸಿಲು ದಾಟಿ ಒಳಗೆ ಬಂದರು. "ಅಯ್ಯೋ, ಎಷ್ಟು ನೋವಾಯ್ತೇನೋ ನನ್ನವ್ವ!" ಎಂದು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಹಲ್ಲಿನ ನೋವನ್ನು ವಿಚಾರಿಸುವುದು ಹೇಗೆಂದು ಎಲ್ಲರಿಗೂ ಗೊತ್ತಿತ್ತು. ಗಾನವಿ ಒಮ್ಮೆಲೇ ಅಳತೊಡಗಿದಳು. ಅಳುವಾಗ ಬಾಯಿ ತೆರೆಯಲಾಗದೆ ಮೂಗಿನಲ್ಲೇ ಒಂದು ವಿಚಿತ್ರ ದನಿ ಹೊರಟಿತು. ಮಲ್ಲಿಕಾಂಬ ಗಾಬರಿಯಾಗಿ, "ಡಾಕ್ಟ್ರಿಗೆ ಫೋನ್ ಮಾಡ್ಸು ಕಾಂತಮ್ಮ, ಬಹಳ ನೋವಿದ್ದಂಗಿದೆ" ಎಂದರು.

ಕಾಂತಮ್ಮ ಸೊಸೆಯ ಮುಖವನ್ನು ನೋಡಿ, "ಅಳ್ಲಿ ಬಿಡಿ. ಅದು ಹಲ್ಲಿನ ನೋವಲ್ಲ" ಎಂದರು.

ಮಲ್ಲಿಕಾಂಬ ಹೋದ ಮೇಲೆ ಕಾಂತಮ್ಮ ಮಾತ್ರೆ, ನೀರು ತಂದರು. ಗಾನವಿ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ತೆರೆಯದ ಬಾಯಲ್ಲೇ ತೊದಲಿ ಹೇಳಿದಳು: "ಆ ಮಾತ್ರೆಯಿಂದ ಅಲ್ವಂತೆ ಅತ್ತೆ. ಡಾಕ್ಟ್ರನ್ನ ಕೇಳ್ದೆ."

"ಯಾವ ಮಾತ್ರೆ?"

"ಬಸುರೀಲಿ ನುಂಗಿದ್ದು. ನೀವು ಅಕ್ಕಿ ಹಸನು ಮಾಡ್ತಾ ಅಂದಿದ್ರಲ್ಲ."

ಕಾಂತಮ್ಮನಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದರು. ಆಮೇಲೆ ನೀರಿನ ಲೋಟ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತರು. "ನಾನು ಅಂದಿದ್ನಾ? ಅದನ್ನ ಇಷ್ಟು ದಿನ ಇಟ್ಕೊಂಡಿದ್ಯಾ?" ಎಂದರು. "ನನ್ನ ಬಾಯಿಗೆ ಬೆಂಕಿ ಬೀಳ. ಮೊಮ್ಮಗು ಹೋದ ಸಂಕಟಕ್ಕೆ ಏನೋ ಒದರಿಬಿಟ್ಟಿದ್ದೀನಿ. ಯಾರ್ನಾದ್ರೂ ಬೈಬೇಕು ಅನ್ನಿಸ್ತಿತ್ತು, ದೇವರನ್ನ ಬೈಯೋಕೆ ಭಯ." ಸೊಸೆಯ ಕಾಲ ಬೆರಳನ್ನು ಹಿಡಿದುಕೊಂಡು ಹಾಗೇ ಕೂತಿದ್ದರು. ಗಾನವಿ ಪರವಾಗಿಲ್ಲ ಅನ್ನಲಿಲ್ಲ. ಪರವಾಗಿಲ್ಲ ಅನ್ನುವಂಥ ಮಾತಾಗಿರಲಿಲ್ಲ ಅದು. ಆದರೆ ಕಾಲನ್ನೂ ಎಳೆದುಕೊಳ್ಳಲಿಲ್ಲ.

ಹೊಲಿಗೆ ಬಿಚ್ಚಿಸಲು ಮುಂದಿನ ಬುಧವಾರ ಕಡೂರಿಗೆ ಹೋಗಿಬಂದರು. ಗಾಯ ಚೆನ್ನಾಗಿ ಕೂಡಿಕೊಂಡಿದೆ, ಹಳ್ಳ ತುಂಬಿಕೊಳ್ಳಲು ಇನ್ನೂ ದಿನ ಬೇಕು ಎಂದಳು ಸುಮನಾ. ವಾಪಸ್ಸು ಬರುವಾಗ ಗಾನವಿಯೇ, "ಹೊಲಕ್ಕೆ ಹೋಗೋಣ ರೀ" ಎಂದಳು. ತಿಮ್ಮೇಶ ಯಾಕೆ ಎಂದು ಕೇಳಲಿಲ್ಲ.

ಹೊಲದಲ್ಲಿ ಕಲ್ಲಪ್ಪ ಒಣಗಿದ ಕಡಲೆಗಿಡ ಕೀಳುತ್ತಿದ್ದರು. ಸೊಸೆ ಬದುವಿನ ಮೇಲೆ ನಡೆದು ಬರುವುದನ್ನು ಕಂಡು ಸೊಂಟ ನೆಟ್ಟಗೆ ಮಾಡಿ ನಿಂತವರು, ಮತ್ತೆ ಬಗ್ಗಿದರು. ಬದುವಿನ ಕೊನೆಯಲ್ಲಿ ಎಲೆಯುದುರಿದ ಹೊಂಗೆಮರ. ಅದರ ಬುಡದಿಂದ ಸ್ವಲ್ಪ ಆಚೆ ನಾಲ್ಕು ಕಲ್ಲು, ನಾಯಿ ನರಿ ಕೆದಕದ ಹಾಗೆ ಮೇಲೆ ಜಾಲಿಮುಳ್ಳು. ಮುಳ್ಳು ಹೊಸದಾಗಿತ್ತು. ಯಾರೋ ಆಗಾಗ ಬದಲಾಯಿಸುತ್ತಿದ್ದರು, ಯಾರೆಂದು ಕೇಳಬೇಕಾಗಿರಲಿಲ್ಲ.

ಗಾನವಿ ನೆಲದ ಮೇಲೆ ಕೂತಳು. ಅಳು ಬರುತ್ತದೆಂದು ಸೆರಗು ಹಿಡಿದುಕೊಂಡಿದ್ದಳು, ಬರಲಿಲ್ಲ. ಕರೀ ಮಣ್ಣು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಒಂದು ಹಿಡಿ ಎತ್ತಿ ಪುಡಿಮಾಡಿ ಬಿರುಕಿಗೆ ಸುರಿದಳು. ಮತ್ತೊಂದು ಹಿಡಿ. ಕಲ್ಲುಗಳ ಸುತ್ತಲಿನ ಬಿರುಕುಗಳನ್ನೆಲ್ಲ ಹೀಗೆ ಮುಚ್ಚುತ್ತ ಹೋದಳು. ತಿಮ್ಮೇಶ ಮೊದಲು ನಿಂತು ನೋಡಿದ, ಆಮೇಲೆ ಅವನೂ ಕುಕ್ಕರಗಾಲಲ್ಲಿ ಕೂತು ಆ ಕಡೆಯಿಂದ ಮುಚ್ಚತೊಡಗಿದ.

ಬೇಸಿಗೆಯ ಹೊತ್ತಿಗೆ ಅವಳು ಎಡಗಡೆಯಲ್ಲೂ ಜಗಿಯುವಂತಾದಳು. ಜೋಮು, ಸೆಳೆತ ಒಂದೂ ಉಳಿಯಲಿಲ್ಲ. ಹಲ್ಲು ನೋಯುತ್ತಿದ್ದಷ್ಟು ದಿನ ಎರಡು ನೋವೂ ಒಂದರೊಳಗೊಂದು ಬೆರೆತು, ಯಾವುದು ಎಲ್ಲಿಯದೆಂದು ತಿಳಿಯುತ್ತಿರಲಿಲ್ಲ. ಈಗ ಒಂದೇ ಉಳಿಯಿತು, ಅದಕ್ಕೆ ಮುಕ್ಕಳಿಸುವ ನೀರಿಲ್ಲ. ಮದುವೆ ಕಾಲವಾದ್ದರಿಂದ ರವಿಕೆಗಳು ರಾಶಿ ಬಂದು ಬಿದ್ದವು. ಬೆಳಿಗ್ಗೆ ತಿಮ್ಮೇಶ ಗಾಡಿ ತೆಗೆಯುವ ಮುಂಚೆ ಒಂದು ಗಳಿಗೆ ಮುಂಗೋಣೆಯ ಹೊಸಿಲ ಮೇಲೆ ಕೂತು ಕಾಫಿ ಕುಡಿಯುವನು. ಕೆಲವು ದಿನ ಏನಾದರೂ ಮಾತಾಡುವನು. ಕೆಲವು ದಿನ ಅವಳೇ, "ಕೂದ್ಲು ಗುಂಗುರಾ, ನೆಟ್ಟಗಾ?" ಎಂದು ಮೆಷಿನ್ ನಿಲ್ಲಿಸಿ ಕೇಳುವಳು. ಅವನು ಯೋಚಿಸಿ ಹೇಳುವನು. ಹೇಳಿ, ಲೋಟ ಅಲ್ಲೇ ಇಟ್ಟು ಕಡೂರಿನ ಕಡೆ ಹೊರಡುವನು.